ಹಣ್ಣಾಗದ ಹುಳು ಫೋಟೊದಲ್ಲಿ ಹಣ್ಣಾದದ್ದು

ನನ್ನ ಫೋನಿನಲ್ಲಿ ಈಗ ಫೋಟೊ ತಿದ್ದುವ ಆಪ್ ಒಂದೇ ಇದೆ. ಅದಕ್ಕೆ ಮೊದಲು ಬೇರೆ ಮೂರಿದ್ದವು. ಮೂರನ್ನೂ ನಾನೇ ತೆಗೆದುಹಾಕಿದೆ. ತೆಗೆಯುವುದು ಹೇಗೆಂದು ಮೊಮ್ಮಗಳು ತೋರಿಸಿದಳು, ಒತ್ತಿದ್ದು ನನ್ನ ಬೆರಳು. ಆ ಮೂರರಲ್ಲಿ ಒಂದರಿಂದ ನನ್ನ ತಂಗಿಯ ಹಿಪ್ಪುನೇರಳೆ ತೋಟ ಬುಡಸಮೇತ ಹೋಗುವುದರಲ್ಲಿತ್ತು. ಆಪಿನ ತಪ್ಪು ಎನ್ನಲಾರೆ. ಹುಳು ಯಾವುದು, ಹೂವು ಯಾವುದು ಅದಕ್ಕೆ ಗೊತ್ತಿಲ್ಲ. ನನಗೆ ಗೊತ್ತಿತ್ತು.

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಕನ್ನಡ ಓದಬಲ್ಲೆ, ಬರೆಯುವುದು ನಿಧಾನ. ಇದರಲ್ಲಿ ಕಾಗುಣಿತ ತಿದ್ದಿದವಳು ಮೊಮ್ಮಗಳು. ಮಾತು ತಿದ್ದುವುದಕ್ಕೆ ನಾನು ಬಿಡಲಿಲ್ಲ.

ನಮ್ಮದು ಮೇಲೂರಿನ ಪಕ್ಕದ ಹಳ್ಳಿ. ಮದುವೆಯಾಗಿ ಬಂದ ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದೇನೆ. ಹುಳು ಹಣ್ಣಾಗಿದೆಯೋ ಇಲ್ಲವೋ ಎಂದು ಸಂಶಯ ಬಂದರೆ ಅಕ್ಕಪಕ್ಕದವರು ನನ್ನನ್ನು ಕರೆದು ತೋರಿಸುತ್ತಾರೆ. ಹಣ್ಣಾಗುವುದು ಎಂದರೆ ಹುಳು ಸೊಪ್ಪು ತಿಂದು ಸಾಕಾಗಿ ಗೂಡು ಕಟ್ಟಲು ತಯಾರಾಗುವುದು. ಮೈಯ ಬಿಳುಪು ಹೋಗಿ ಹಳದಿಗೆ ತಿರುಗುತ್ತದೆ. ಬೆಳಕಿಗೆ ಹಿಡಿದರೆ ಮಾಗಿದ ದ್ರಾಕ್ಷಿಯ ಹಾಗೆ ಒಳಗಿನದು ಕಾಣುತ್ತದೆ. ಆಗ ಅದನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ತಟ್ಟಿ, ಅದರ ಮೇಲೆ ಸುತ್ತುಸುತ್ತಾಗಿ ಬಿದಿರಿನದೇ ಪಟ್ಟಿ ನಿಲ್ಲಿಸಿರುತ್ತಾರೆ, ಆ ಸಂದಿಗಳಲ್ಲಿ ಹುಳು ಗೂಡು ಕಟ್ಟುತ್ತದೆ. ಬಿಡುವುದು ಒಂದು ದಿನ ತಡವಾದರೆ ಸೊಪ್ಪು ತಿನ್ನುವ ತಟ್ಟೆಯಲ್ಲೇ ನೂಲು ಸುರಿದುಬಿಡುತ್ತದೆ. ಒಂದು ದಿನ ಮೊದಲೇ ಬಿಟ್ಟರೆ ಹೊಟ್ಟೆ ತುಂಬದ ಹುಳು ಅಲೆದಾಡಿ ಕೆಳಗೆ ಬೀಳುತ್ತದೆ. ಕಟ್ಟಿದರೂ ಕಾಗದದಂಥ ಗೂಡು. ತಿಂಗಳಿಡೀ ಪಟ್ಟ ಕಷ್ಟವೆಲ್ಲ ನಿಂತಿರುವುದು ಆ ಒಂದು ದಿನದ ಮೇಲೆ.

ಫೋಟೊ ಹುಚ್ಚು ಹತ್ತಿದ್ದು ಮಗನ ಹಳೇ ಫೋನಿನಿಂದ. ಅವನು ಹೊಸದು ತೆಗೆದುಕೊಂಡ, ಹಳೆಯದು ನನ್ನ ಕೈಗೆ ಬಂತು. ಮೊದಲು ತೆಗೆದ ಫೋಟೊ ನನ್ನ ಕಾಲಿನದು. ಅದು ಬೇಕಂತ ತೆಗೆದದ್ದಲ್ಲ. ಆಮೇಲಿನವು ಬೇಕಂತಲೇ ತೆಗೆದವು. ಸೊಪ್ಪಿನ ಮೇಲೆ ತಲೆಯೆತ್ತಿ ಕೂತ ಹುಳು, ತಿಪ್ಪೆ ಕೆದಕುವ ಕೋಳಿ, ಮಳೆ ನಿಂತ ಮೇಲೆ ತಂತಿಯಲ್ಲಿ ಜೋತ ಸೀರೆ, ನಮ್ಮ ಬೀದಿಯ ಬಾಗಿಲುಗಳು. ಚಿಕ್ಕಬಳ್ಳಾಪುರದ ಕಾಲೇಜಿಗೆ ದಿನವೂ ಸ್ಕೂಟರಿನಲ್ಲಿ ಹೋಗಿಬರುವ ಮೊಮ್ಮಗಳು ಅದಕ್ಕೊಂದು ಹೆಸರಿಟ್ಟಳು.

"ಅಜ್ಜಿ, ನಿಂಗೆ ಹಾಬಿ ಶುರುವಾಗಿದೆ."

"ಅದೇನು ಕಾಯಿಲೇನಾ?"

"ದುಡ್ಡು ಬರದೇ ಇದ್ರೂ ಮಾಡೋ ಕೆಲಸ."

"ಹಂಗಾದ್ರೆ ಅಡಿಗೇನೂ ಹಾಬೀನೇ ಬಿಡು," ಅಂದೆ.

ತೆಗೆದ ಫೋಟೊಗಳಲ್ಲಿ ಅರ್ಧ ಕೆಟ್ಟಿರುತ್ತಿದ್ದವು. ಹುಳು ಸಾಕುವ ಮನೆ ಕತ್ತಲು ಕತ್ತಲಾಗಿರುತ್ತದೆ, ಅಲ್ಲಿ ತೆಗೆದದ್ದೆಲ್ಲ ಮಸಿ ಬಳಿದ ಹಾಗೆ. ಬಾಗಿಲು ತೆಗೆದರೆ ಬಾಗಿಲು ಓರೆ. ಮೂಲೆಯಲ್ಲಿ ನನ್ನ ಬೆರಳು ಇದ್ದೇ ಇರುತ್ತಿತ್ತು. ತಿದ್ದಬೇಕು ಅನ್ನಿಸಿತು. ಫೋಟೊ ತಿದ್ದುವುದು ನನಗೆ ಹೊಸ ಸಂಗತಿಯೇನಲ್ಲ. ನಮ್ಮ ಮದುವೆಯ ಫೋಟೊದಲ್ಲಿ ನಾನು ಕಣ್ಣು ಮುಚ್ಚಿದ್ದೆ. ಶಿಡ್ಲಘಟ್ಟದ ಸ್ಟುಡಿಯೊದವನು ರೆಪ್ಪೆಯ ಮೇಲೆಯೇ ಎರಡು ಕಣ್ಣು ಬರೆದು ಕೊಟ್ಟ. ಅದರಲ್ಲಿ ಒಂದು ಯಜಮಾನರನ್ನು ನೋಡುತ್ತದೆ, ಇನ್ನೊಂದು ಗೋಡೆಯನ್ನು. ಅಷ್ಟು ವರ್ಷದಿಂದ ಅದು ನಡುಮನೆಯಲ್ಲೇ ತೂಗುತ್ತಿದೆ, ಬಂದವರು ಯಾರೂ ಏನೂ ಅಂದಿಲ್ಲ.

ಮೊಮ್ಮಗಳು ಒಂದು ಭಾನುವಾರ ಕೂತು ಮೂರು ಆಪ್ ಹಾಕಿಕೊಟ್ಟಳು. ಯಾವುದು ಕೈಗೆ ಹತ್ತುತ್ತದೋ ಅದನ್ನು ಇಟ್ಟುಕೋ ಎಂದಳು.

ಮೊದಲನೆಯದು ಓದಿದವರಿಗಾಗಿ ಮಾಡಿದ್ದು. ಎಲ್ಲಿ ನೋಡಿದರೂ ಬಟನ್ನು, ಎಲ್ಲವೂ ಇಂಗ್ಲಿಷು. ಒಂದು ಕಡೆ ಗುಡ್ಡದ ಹಾಗೆ ಗೆರೆ ಇತ್ತು. ಏನೆಂದು ನೋಡೋಣ ಅಂತ ಗುಡ್ಡವನ್ನು ಬೆರಳಿನಿಂದ ಎಳೆದೆ. ಕೋಳಿ ನೇರಳೆ ಬಣ್ಣಕ್ಕೆ ತಿರುಗಿತು. ಇನ್ನೊಂದು ಕಡೆಗೆ ಎಳೆದೆ, ಕೋಳಿ ಇದ್ದದ್ದೂ ಕಾಣಲಿಲ್ಲ. ಮೊದಲಿನ ಹಾಗೆ ಮಾಡುವುದು ಹೇಗೆಂದು ತಿಳಿಯದೆ ಫೋನನ್ನೇ ಆರಿಸಿಟ್ಟೆ.

ಎರಡನೆಯದು ಮುಖದ ಆಪು. ಜಗಲಿಯ ಮೇಲೆ ಕೂತಿದ್ದ ಯಜಮಾನರ ಫೋಟೊ ತೆಗೆದು ಅದರಲ್ಲಿ ಹಾಕಿದೆ. ನಾನು ಏನೂ ಕೇಳುವ ಮೊದಲೇ ಅದು ಅವರ ಮುಖದ ಸುಕ್ಕನ್ನೆಲ್ಲ ಇಸ್ತ್ರಿ ಹೊಡೆದು, ತುಟಿಗೆ ಬಣ್ಣ ಹಚ್ಚಿ, ಕಣ್ಣು ದೊಡ್ಡದು ಮಾಡಿತು. ಮೀಸೆ ಮಾತ್ರ ಬೆಳ್ಳಗೆ ಉಳಿಯಿತು. ತೋರಿಸಿದೆ.

"ಯಾರೇ ಇವನು?" ಅಂದರು.

"ನೀವೇ."

"ಇವನಿಗೆ ಹೆಣ್ಣು ನೋಡು ಮತ್ತೆ," ಅಂದರು.

ಅದೂ ಅಲ್ಲದೆ ಒಂದು ಸಲ ಒತ್ತಿದರೆ ಒಂದು ಜಾಹೀರಾತು ಬರುತ್ತಿತ್ತು. ಕೊನೆಗೆ ಫೋಟೊದ ಮೂಲೆಯಲ್ಲಿ ತನ್ನ ಹೆಸರು ಬರೆದುಕೊಳ್ಳುತ್ತಿತ್ತು. ಗಂಡ ನಮ್ಮವರು, ಜಗಲಿ ನಮ್ಮದು, ಹೆಸರು ಮಾತ್ರ ಅವರದು.

ಮೂರನೆಯದರಲ್ಲಿ ಇದ್ದದ್ದು ಒಂದೇ ಬಟನ್ನು. ಅದರ ಮೇಲೆ ಕಡ್ಡಿಯ ಚಿತ್ರ, ಕಡ್ಡಿಯ ತುದಿಯಲ್ಲಿ ನಕ್ಷತ್ರ. ಒತ್ತಿದರೆ ಸಾಕು, ಕತ್ತಲೆಯ ಫೋಟೊ ಬೆಳಕಾಗುತ್ತಿತ್ತು, ಮಂಕಾದದ್ದು ಹೊಳೆಯುತ್ತಿತ್ತು. ನಮ್ಮ ಹುಳು ಮನೆಯ ಫೋಟೊಗೆ ಸಂಜೆ ಬಿಸಿಲು ಬಿದ್ದ ಹಾಗೆ ಆಗುತ್ತಿತ್ತು. ಓದುವ ಗೋಜಿಲ್ಲ, ಎಳೆಯುವ ಗೋಜಿಲ್ಲ. ಸುಲಭವಾದದ್ದೇ ಒಳ್ಳೆಯದು ಅಂದುಕೊಂಡೆ. ಇನ್ನೂ ಸುಲಭವಾಗಲಿ ಎಂದು ಮೊಮ್ಮಗಳು ಅದರೊಳಗೆ ಏನೋ ಮಾಡಿಟ್ಟಳು. ಆಮೇಲೆ ಬಟನ್ನೂ ಒತ್ತಬೇಕಾಗಿರಲಿಲ್ಲ. ಆ ಆಪಿನಲ್ಲಿ ಕ್ಯಾಮರಾ ತೆರೆದರೆ ಸಾಕು, ನೋಡುತ್ತಿರುವಾಗಲೇ ಎಲ್ಲವೂ ಬಂಗಾರ.

ಅದೇ ಸಮಯಕ್ಕೆ ನನ್ನ ತಂಗಿ ನಾಲ್ಕು ದಿನ ಇರಲು ಬಂದಿದ್ದಳು. ಅವಳ ಫೋನಿಗೂ ಮೊಮ್ಮಗಳು ಅದನ್ನೇ ಹಾಕಿ ಹಾಗೆಯೇ ಮಾಡಿಟ್ಟಳು. ಹಾಕು ಎಂದವಳು ನಾನು.

ತಂಗಿಯ ವಿಷಯ ಹೇಳಬೇಕು. ಅವಳನ್ನು ಕೊಟ್ಟಿದ್ದು ಮಂಡಿಕಲ್ ಕಡೆಗೆ. ಅವರದೂ ಹುಳು ಸಾಕುವ ಮನೆಯೇ. ಆ ಮನೆಯಲ್ಲಿ ಕೆಲಸ ಹಂಚಿಕೊಂಡಿದ್ದರು. ಸೊಪ್ಪು ಕೊಯ್ಯುವುದು, ಹಾಕುವುದು, ಕಸ ತೆಗೆಯುವುದು ಅವಳದು. ಹಣ್ಣು ನೋಡುವುದು ಅವಳ ಗಂಡನದು. ಅವನು ಎರಡು ವರ್ಷದ ಹಿಂದೆ ತೀರಿಕೊಂಡ. ಅಲ್ಲಿಂದ ಬೆಳೆ ನಿಂತಿತ್ತು. ಮಗ ಗೌರಿಬಿದನೂರಿನಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಅವನಿಗೆ ಸೊಪ್ಪಿನ ತೋಟ ಕಿತ್ತು ಗುಲಾಬಿ ಹಾಕಬೇಕೆಂದು. ತಂಗಿಗೆ ತೋಟ ಬಿಡಲು ಮನಸ್ಸಿಲ್ಲ. ಆ ಗಿಡಗಳನ್ನು ನೆಟ್ಟವಳು ಅವಳು. ಹುಳು ಇಲ್ಲದಿದ್ದರೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದೂ ಅವಳಿಗೆ ತಿಳಿಯುವುದಿಲ್ಲ. ಕೊನೆಗೆ ಮಗ ಒಂದು ಮಾತು ಹೇಳಿದ್ದ. ಒಂದು ಬೆಳೆ ನೀನೊಬ್ಬಳೇ ತೆಗೆದು ತೋರಿಸು, ಬಂದರೆ ತೋಟ ಇರಲಿ, ಕೆಟ್ಟರೆ ಗುಲಾಬಿ. ಅವನು ಕೆಟ್ಟವನಲ್ಲ. ಅಮ್ಮನ ಸೊಂಟನೋವು ಅವನ ಕಣ್ಣಿಗೂ ಕಾಣುತ್ತಿತ್ತು.

ಹಣ್ಣು ನೋಡುವುದೊಂದು ತಂಗಿಗೆ ಬರುತ್ತಿರಲಿಲ್ಲ. ಅದೂ ಅಲ್ಲದೆ ಬಲಗಣ್ಣಿಗೆ ಪೊರೆ ಬಂದಿತ್ತು. ಚಿಕ್ಕಬಳ್ಳಾಪುರದ ಡಾಕ್ಟರು ಆಪರೇಷನ್ ಮಾಡಿಸು ಎಂದಿದ್ದರು, ಬೆಳೆ ಮುಗಿಯಲಿ ಎಂದು ಮುಂದೆ ಹಾಕಿದ್ದಳು. ಅದಕ್ಕೊಂದು ಉಪಾಯ ಮಾಡಿದೆವು. ಇಬ್ಬರೂ ಒಂದೇ ಚಾಕಿ ಸೆಂಟರಿನಿಂದ ಒಂದೇ ದಿನ ಮರಿ ಹುಳು ತಂದೆವು. ನಮ್ಮ ಮನೆಯಲ್ಲಿ ಹಣ್ಣಾದ ದಿನ ನಾನು ಹೇಳುವುದು, ಅವಳು ತನ್ನವನ್ನು ನೋಡಿಕೊಳ್ಳುವುದು. ಹೀಗೆಂದು ಮಾತಾಗಿತ್ತು.

ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರದಿಂದ ಹುಳು ಎದ್ದು ಆರು ದಿನವಾಗಿತ್ತು. ಇನ್ನೂ ಎರಡು ದಿನ ಬೇಕು ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಸೊಪ್ಪು ಹಾಕುವಾಗ ಕಿಟಕಿಯಿಂದ ಬೆಳಕು ಬಿದ್ದಿತ್ತು, ಒಂದು ಹುಳು ಎಲೆಯ ಅಂಚಿನಲ್ಲಿ ಹೆಡೆಯೆತ್ತಿದ ಹಾಗೆ ನಿಂತಿತ್ತು. ಆ ಆಪಿನಲ್ಲೇ ಫೋಟೊ ತೆಗೆದೆ. ಅಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ. ಮೈಯೆಲ್ಲ ಚಿನ್ನದ ನೀರು ಹಾಕಿದ ಹಾಗೆ. ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಕಳಿಸಿದೆ. ನಾಲ್ಕು ಜನ ನೋಡಲಿ ಅಂತ. ಬರೆಯುವುದು ನಿಧಾನ ಆದ್ದರಿಂದ ಏನೂ ಬರೆಯಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ತಂಗಿಯ ಫೋನು ಬಂತು.

"ಅಕ್ಕಾ, ಹುಳು ನೂಲು ಬಿಡ್ತಿಲ್ಲ ಕಣೇ. ಚಂದ್ರಿಕೆ ಮೇಲೆ ಸುಮ್ನೆ ಓಡಾಡ್ತವೆ. ಕೆಳಕ್ಕೂ ಉದುರ್ತಾ ಅವೆ."

"ಹಣ್ಣು ನೋಡಿ ತಾನೇ ಬಿಟ್ಟಿದ್ದು?"

"ನಿನ್ನ ಫೋಟೊ ನೋಡ್ದೆ. ನನ್ನ ಹುಳಾನೂ ಫೋನಲ್ಲಿ ಹಿಡಿದು ನೋಡ್ದೆ. ಎರಡೂ ಒಂದೇ ಬಣ್ಣ. ನನ್ನ ಕಣ್ಣಿಗಿಂತ ಫೋನಲ್ಲೇ ಚೆನ್ನಾಗಿ ಕಾಣ್ತೈತೆ."

ನಿನ್ನ ಫೋಟೊ ನೋಡಿದೆ ಎಂಬ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಿದ್ದೆ.

"ಒಂದು ಫೋಟೊ ಕಳ್ಸು, ನೋಡ್ತೀನಿ," ಅಂದೆ.

ಕಳಿಸಿದಳು. ನೋಡಿದೆ. ಒಳ್ಳೇ ಹಳದಿ ಇತ್ತು, ಬೆಳಕು ಒಳಗಿಂದ ಬಂದ ಹಾಗಿತ್ತು.

"ಹಣ್ಣೇ ಕಣೇ. ಜಾಗ ಹುಡುಕ್ತಾ ಇರ್ತವೆ. ಸುಮ್ನಿರು, ಬೆಳಗಾಗೋದ್ರೊಳಗೆ ಕಟ್ತವೆ."

ಇಷ್ಟು ವರ್ಷ ಹುಳು ಮೇಯಿಸಿದವಳು ಹೇಳಿದ ಮಾತು ಇದು. ಅವಳು ನಂಬಿದಳು, ನಂಬದೆ ಏನು ಮಾಡುತ್ತಾಳೆ.

ಮರುದಿನ ಬೆಳಿಗ್ಗೆ ನಮ್ಮ ಹುಳು ಮನೆಯಲ್ಲಿ ಯಜಮಾನರು ಸೊಪ್ಪು ಹರಡುತ್ತಿದ್ದರು.

"ನಿನ್ನ ತಂಗಿ ಹುಳು ಏನಾಯ್ತು?"

"ಹಣ್ಣಾಗವೆ. ನೋಡ್ದೆ, ಚಿನ್ನದ ಹಂಗವೆ."

"ಎಲ್ಲಿ ನೋಡ್ದೆ?"

"ಫೋಟೊದಲ್ಲಿ."

ಅವರು ಸೊಪ್ಪಿನ ಹೊರೆ ಕೆಳಗಿಟ್ಟರು. "ನಿನ್ನೆ ನಮ್ಮವೂ ಫೋಟೊದಲ್ಲಿ ಚಿನ್ನದ ಹಂಗೇ ಇದ್ವು. ಇಲ್ಲಿ ನೋಡು, ಇನ್ನೂ ಕರಕರಾಂತ ತಿಂತಾ ಅವೆ. ಫೋಟೊದಲ್ಲಿ ನಾನೂ ಮದುವೆ ಗಂಡಿನ ಹಂಗಿದ್ದೆ, ಮರ್ತೋಯ್ತಾ?"

ನಾನು ಒಂದು ಹುಳುವನ್ನು ಎತ್ತಿ ಕಿಟಕಿಗೆ ಹಿಡಿದೆ. ಸುಣ್ಣದ ಹಾಗೆ ಬೆಳ್ಳಗೆ ಗಟ್ಟಿಯಾಗಿತ್ತು. ಫೋನು ತೆಗೆದು ಅದೇ ಹುಳುವನ್ನು ಆ ಆಪಿನಲ್ಲಿ ನೋಡಿದೆ. ಹಣ್ಣು. ಫೋನು ಇಳಿಸಿ ನೋಡಿದೆ. ಕಾಯಿ.

ಮೊಮ್ಮಗಳು ಕಾಲೇಜಿಗೆ ಹೊರಟಿದ್ದಳು. ಬ್ಯಾಗು ಇಳಿಸು ಅಂದೆ. ಅವಳ ಸ್ಕೂಟರಿನ ಹಿಂದೆ ಕೂತೆ. ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿದೆವು. ಪೆರೇಸಂದ್ರದ ಹತ್ತಿರ ಹೈವೇ ಬಿಟ್ಟು ಒಳಗೆ ತಿರುಗಿದ ಮೇಲೆ ಅವಳೇ ಹೇಳಿದಳು.

"ಅಜ್ಜಿ, ಆಟೋ ಆನ್ ಮಾಡಿದ್ದು ನಾನು. ಚಿಕ್ಕಜ್ಜಿಗೆ ಈಸಿ ಆಗ್ಲಿ ಅಂತ."

"ಹಾಕು ಅಂದಿದ್ದು ನಾನು. ಮುಂದೆ ನೋಡಿ ಓಡ್ಸು."

ತಂಗಿ ಅಂಗಳದಲ್ಲಿ ಗೋಣಿಚೀಲದ ಮೇಲೆ ಕೂತಿದ್ದಳು. ಚಂದ್ರಿಕೆಗಳ ಕೆಳಗೆ ಹಾಸಿದ ಪೇಪರಿನ ಮೇಲೆ ಹುಳು ಉದುರಿ ಹರಿದಾಡುತ್ತಿದ್ದವು. ಇರುವೆ ಬಾರದಿರಲಿ ಎಂದು ಸುತ್ತ ಬೂದಿ ಹಾಕಿದ್ದಳು. ಅಲ್ಲೊಂದು ಇಲ್ಲೊಂದು ಹುಳು ಎರಡೆಳೆ ನೂಲು ಬಿಟ್ಟು ನಿಂತಿತ್ತು.

"ಬಾರಮ್ಮ ಫೋಟೊಗ್ರಾಫರು," ಅಂದಳು. "ಇದರದ್ದೂ ಒಂದು ತೆಕ್ಕೊಂಡೋಗು. ಗುಂಪಿಗೆ ಹಾಕು."

"ಬೈಯೋದು ಆಮೇಲೆ ಬೈ. ಎಷ್ಟು ಬಿಟ್ಟಿದ್ದೀಯ?"

"ಅರ್ಧ. ಚಂದ್ರಿಕೆ ಸಾಲ್ಲಿಲ್ಲ."

ಚಂದ್ರಿಕೆ ಸಾಲದ್ದೇ ಒಳ್ಳೆಯದಾಯಿತು. ಇನ್ನರ್ಧ ಒಳಗೆ ತಟ್ಟೆಯಲ್ಲೇ ಇದ್ದವು. ಹಣ್ಣಾದ ಹುಳುವಿಗೆ ಸೊಪ್ಪು ಹಾಕುವುದಿಲ್ಲ. ಆದರೆ ಅವಳ ಕೈ ಸುಮ್ಮನಿರದೆ ಹಾಕಿತ್ತು, ಅವು ತಿಂದುಕೊಂಡು ಬೆಳೆದಿದ್ದವು. ಹೊರಗಿನವೇ ಹಸಿದವು. ಮೂವರೂ ಕೂತು ಒಂದೊಂದಾಗಿ ಬಿಡಿಸಿದೆವು. ಬಿದಿರಿನ ಸಂದಿಯಲ್ಲಿ ಹಿಡಿದುಕೊಂಡ ಹುಳುವನ್ನು ಎಳೆಯಬಾರದು, ಹಿಂದಿನಿಂದ ಬೆರಳು ಕೊಟ್ಟು ಎತ್ತಬೇಕು. ಮೊಮ್ಮಗಳು ಮೊದಲ ಹತ್ತನ್ನು ಅಯ್ಯಯ್ಯೋ ಎನ್ನುತ್ತಾ ಎತ್ತಿದಳು, ಆಮೇಲೆ ಸುಮ್ಮನಾದಳು. ಎಳೇ ಸೊಪ್ಪು ಕೊಯ್ದು ಹಾಕಿದೆವು. ಕೆಲವು ತಿಂದವು. ಕೆಲವು ತಲೆಯನ್ನೂ ಎತ್ತಲಿಲ್ಲ. ಮಧ್ಯಾಹ್ನ ಅನ್ನ ಉಂಡಿದ್ದು ಮೂರು ಗಂಟೆಗೆ.

ಉಂಡ ಮೇಲೆ ತಂಗಿ ಕೇಳಿದಳು, "ಈಗ ನಾಳೆ ನಂಗೆ ಹೆಂಗೆ ಗೊತ್ತಾಗ್ಬೇಕು? ನಿನ್ನ ಕಣ್ಣು ಕೊಟ್ಟೋಗ್ತೀಯಾ?"

"ಕಿವಿ ಐತಲ್ಲ."

ಅವಳನ್ನು ತಟ್ಟೆಯ ಪಕ್ಕ ನಿಲ್ಲಿಸಿದೆ. ಒಳಗಿನ ಹುಳು ತಿನ್ನುವ ಸದ್ದು ಕೇಳುತ್ತಿತ್ತು. ಈ ಸದ್ದು ನಿಲ್ಲುತ್ತದೆ, ಹಾಕಿದ ಸೊಪ್ಪು ಹಾಗೇ ಉಳಿಯುತ್ತದೆ, ಹಿಕ್ಕೆ ಗಟ್ಟಿ ಕಾಳಿನ ಹಾಗಿದ್ದದ್ದು ಬೆರಳಿಗೆ ಮೆತ್ತಗೆ ಹತ್ತುತ್ತದೆ, ಹುಳುವನ್ನು ಮುಟ್ಟಿದರೆ ಮೈ ಸಡಿಲವಾಗಿರುತ್ತದೆ ಎಂದು ಹೇಳಿದೆ. ಇದಿಷ್ಟಕ್ಕೂ ಕಣ್ಣು ಬೇಡ. ಅವಳು ಹಿಕ್ಕೆಯನ್ನು ಬೆರಳ ನಡುವೆ ಉಜ್ಜಿ ನೋಡಿದಳು.

"ಇಷ್ಟೇನಾ? ಇದಕ್ಕೆ ನಮ್ಮನೆಯವರು ಇಪ್ಪತ್ತೈದು ವರ್ಷ ನನ್ನನ್ನ ಹಣ್ಣು ನೋಡೋಕೆ ಬಿಡ್ಲಿಲ್ವಲ್ಲ, ಏನೋ ದೊಡ್ಡ ವಿದ್ಯೆ ಅನ್ನಂಗೆ."

ನಾವು ಹಿಂದಿರುಗಿದೆವು. ಮರುದಿನ ನಮ್ಮ ಹುಳು ಹಣ್ಣಾದವು. ಅವಳವು ಅದರ ಮರುದಿನ ಬೆಳಿಗ್ಗೆ. ಅವಳ ಮನೆ ತಣ್ಣಗಿನದು, ಒಂದು ದಿನ ಹಿಂದೆಯೇ ಇದ್ದವು. ಅಂದರೆ ಅವಳು ಬಿಟ್ಟಿದ್ದು ಎರಡಲ್ಲ, ಮೂರು ದಿನ ಮೊದಲು. ಫೋನು ಮಾಡಿ, "ಅಕ್ಕ, ಸದ್ದು ನಿಂತೋಯ್ತು, ಬಿಡ್ತಾ ಇದ್ದೀನಿ," ಅಂದಳು. ಫೋಟೊ ಕಳಿಸಲಿಲ್ಲ, ನಾನೂ ಕೇಳಲಿಲ್ಲ.

ಗೂಡು ಬಿಡಿಸಲು ಇನ್ನೂ ಐದು ದಿನವಿತ್ತು. ಆ ನಡುವೆ ನಾನು ಆಪಿನ ಕೆಲಸ ಮುಗಿಸಿದೆ. ಫೋಟೊ ತೆಗೆಯುವುದನ್ನೇ ಬಿಟ್ಟುಬಿಡು ಎಂದು ಯಜಮಾನರು ಹೇಳಿದರು. ಬಿಡುವುದೇನಿತ್ತು. ಕುಡುಗೋಲು ಕೈ ಕುಯ್ದರೆ ಸೊಪ್ಪು ಕೊಯ್ಯುವುದು ಬಿಡುತ್ತೇವೆಯೇ, ಬೇರೆ ಕುಡುಗೋಲು ನೋಡುತ್ತೇವೆ.

ಹಿಂದಿನ ಬೆಳೆಯ ಒಂದು ಬಿಳೀ ಗೂಡು, ಒಂದು ಸೊಪ್ಪಿನೆಲೆ ಜಗಲಿಯ ಮೇಲಿಟ್ಟು ಪಕ್ಕದಲ್ಲಿ ನನ್ನ ಕೈ ಇಟ್ಟೆ. ಅದರ ಫೋಟೊ ತೆಗೆಸಿದೆ. ಮೊಮ್ಮಗಳು ಒಂದೊಂದೇ ಆಪು ಹಾಕಿ ತೋರಿಸಬೇಕು, ನಾನು ಅಸಲಿ ಗೂಡನ್ನು ಫೋನಿನ ಪಕ್ಕ ಹಿಡಿದು ನೋಡಬೇಕು. ಕೈಯಲ್ಲಿದ್ದ ಗೂಡು ಬೆಳ್ಳಗಿದ್ದು ಫೋನಿನದು ಹಳದಿಯಾದರೆ ಆ ಆಪು ಆಚೆಗೆ. ನನ್ನ ಕೈ ಮೇಲಿನ ಸುಟ್ಟ ಕಲೆ ಮಾಯವಾದರೆ ಅದೂ ಆಚೆಗೆ. ಕಡ್ಡಿ ನಕ್ಷತ್ರದ್ದು ಮೊದಲೇ ಹೋಯಿತು. ಮುಖದ್ದು ಕಲೆಯ ಜೊತೆಗೆ ಕೈಯ ನರವನ್ನೂ ಅಳಿಸಿತು, ಹೋಯಿತು. ಗುಡ್ಡದ್ದು ಗೂಡಿನ ಬಣ್ಣ ಕೆಡಿಸಲಿಲ್ಲ, ನಿಜ ಹೇಳಬೇಕು. ಆದರೆ ಅದನ್ನು ನಡೆಸಲು ನನ್ನಿಂದಾಗಲಿಲ್ಲ. ಮೊಮ್ಮಗಳು ಹೊಸದಾಗಿ ಇನ್ನೂ ಐದಾರು ಹಾಕಿದಳು. ಒಂದು ದುಡ್ಡು ಕೊಟ್ಟರೆ ಮಾತ್ರ ಉಳಿಸಿಕೊಡುತ್ತೇನೆ ಅಂದಿತು. ಒಂದಕ್ಕೆ ನೆಟ್ ಬೇಕೇ ಬೇಕು, ನಮ್ಮ ಹುಳು ಮನೆಯಲ್ಲಿ ನೆಟ್ ಬರುವುದಿಲ್ಲ.

"ಅಜ್ಜಿ, ನೀನು ಹೆಣ್ಣು ನೋಡೋಕೆ ಬಂದವರಿಗಿಂತ ಕಷ್ಟ," ಅಂದಳು.

"ಅವರಿಗೇನು, ನೋಡಿ ಉಪ್ಪಿಟ್ಟು ತಿಂದು ಹೋಗ್ತಾರೆ. ನಾನು ಇಟ್ಕೊಂಡು ಬಾಳ್ಬೇಕು."

ಕೊನೆಗೆ ಒಪ್ಪಿದ್ದು ಫೋನಿನ ಜೊತೆಯಲ್ಲೇ ಬಂದಿದ್ದ ಒಂದನ್ನು. ಫೋಟೊ ನೋಡುವ ಕಡೆಯೇ ಅದರ ಬಾಗಿಲು ಇತ್ತು, ಪೆನ್ಸಿಲಿನ ಚಿತ್ರ ಹಾಕಿಕೊಂಡು. ಇಷ್ಟು ದಿನ ಅದನ್ನು ನಾನೂ ಒತ್ತಿರಲಿಲ್ಲ, ಮೊಮ್ಮಗಳೂ ಒತ್ತಿರಲಿಲ್ಲ. ಫೋನನ್ನು ಕನ್ನಡಕ್ಕೆ ತಿರುಗಿಸಿದಾಗ ಅದೂ ಕನ್ನಡಕ್ಕೆ ತಿರುಗಿತು. ಕತ್ತರಿಸುವುದು, ನೆಟ್ಟಗೆ ಮಾಡುವುದು, ಬೆಳಕು ಹೆಚ್ಚು ಕಡಿಮೆ ಮಾಡುವುದು, ನನಗೆ ಬೇಕಾದದ್ದು ಈ ಮೂರೇ. ಅದರಲ್ಲೂ ಒಂದೇ ಒತ್ತಿಗೆ ಎಲ್ಲ ಬದಲಿಸುವ ಬಟನ್ನು ಇದೆ, ಆದರೆ ನಾನಾಗಿ ಒತ್ತಿದರೆ ಮಾತ್ರ. ಫೋಟೊದ ಮೇಲೆ ಬೆರಳು ಒತ್ತಿ ಹಿಡಿದರೆ ತಿದ್ದುವ ಮೊದಲು ಹೇಗಿತ್ತೋ ಹಾಗೆ ತೋರಿಸುತ್ತದೆ, ಬೆರಳು ತೆಗೆದರೆ ತಿದ್ದಿದ್ದು. ಉಳಿಸುವಾಗ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಇನ್ನೊಂದನ್ನು ಇಡುತ್ತದೆ. ಇವೆರಡು ಇಲ್ಲದ ಆಪನ್ನು ಯಾರೂ ಇಟ್ಟುಕೊಳ್ಳಬಾರದು ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಬಟನ್ನು ಎಷ್ಟಿವೆ ಎನ್ನುವುದಲ್ಲ, ವಾಪಸು ಬರುವುದಕ್ಕೆ ದಾರಿ ಇದೆಯೋ ಇಲ್ಲವೋ ನೋಡಬೇಕು.

ಗೂಡು ಬಿಡಿಸುವ ದಿನ ತಂಗಿ ಕರೆದಳು, ಹೋದೆ. ಎರಡು ರಾಶಿ ಮಾಡಿಸಿದೆ. ನಾವು ಎತ್ತಿ ಮತ್ತೆ ಮೇಯಿಸಿದ ಹುಳುಗಳದು ಒಂದು ಕಡೆ. ಅದರಲ್ಲಿ ಕೆಲವು ಪರವಾಗಿಲ್ಲ, ಬಹಳಷ್ಟು ಒತ್ತಿದರೆ ತಗ್ಗುವಂಥವು. ಅವಳು ಕಿವಿಯಿಂದ ಕೇಳಿ ಬಿಟ್ಟವುಗಳದು ಇನ್ನೊಂದು ಕಡೆ. ಅದರೊಳಗೆ ಒಂದು ಹಿಡಿ ತೆಗೆದು ಅಲ್ಲಾಡಿಸಿದೆ, ಗಟ್ಟಿಯಾಗಿ ಸದ್ದು ಮಾಡಿತು. ನಮ್ಮ ಮನೆಯವಕ್ಕಿಂತ ಒಂದು ಕೈ ಮೇಲೇ ಇದ್ದವು. ಅವಳಿಗೆ ಹೇಳಲಿಲ್ಲ, ಅವಳಿಗೇ ಗೊತ್ತಾಗಿತ್ತು.

ಆಗ ಅವಳು ಕೇಳಬಾರದ್ದನ್ನು ಕೇಳಿದಳು.

"ಅಕ್ಕ, ಮಗ ಫೋಟೊ ಕಳ್ಸು ಅಂದವ್ನೆ. ಎರಡೂ ರಾಶಿ ಒಟ್ಟಿಗೆ ಹಾಕ್ತೀನಿ. ಒಂದು ಫೋಟೊ ತೆಗೆದು ಸ್ವಲ್ಪ ಬೆಳ್ಳಗೆ, ದುಂಡಗೆ ಮಾಡ್ಕೊಡೇ. ನಿಂಗೆ ಬರ್ತೈತಲ್ಲ."

"ಭಾನುವಾರ ಬಂದು ಕೈಯಲ್ಲಿ ಒತ್ತಿ ನೋಡ್ತಾನೆ, ಆಗೇನ್ ಮಾಡ್ತೀಯ?"

"ಅಷ್ಟರೊಳಗೆ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿರ್ತೀನಿ. ಗೂಡು ಹೋದ ಮೇಲೆ ಫೋಟೊನೇ ತಾನೆ ಉಳಿಯೋದು."

ಅವಳ ಮಾತಿನಲ್ಲಿ ತೂಕವಿತ್ತು. ತೋಟ ಉಳಿಯುವುದೋ ಹೋಗುವುದೋ ಅನ್ನುವುದು ಆ ಒಂದು ಫೋಟೊದಲ್ಲಿತ್ತು, ಕೆಡಿಸಿದವಳು ನಾನೇ ಆಗಿದ್ದೆ. ಬೆಳಕು ಒಂದಿಷ್ಟು ಹೆಚ್ಚಿಸಿದರೆ ತೆಳುವಾದ ಗೂಡೂ ತುಂಬಿದ ಹಾಗೆ ಕಾಣುತ್ತದೆ. ಅದು ನನ್ನ ಬೆರಳಿಗೆ ಬರುತ್ತಿತ್ತು.

ನಾನು ಆಗುವುದಿಲ್ಲ ಅಂದೆ.

"ನಿನ್ನ ಫೋಟೊದಿಂದ ನನ್ನ ಬೆಳೆ ಅರ್ಧ ಹೋಯ್ತು. ಈಗ ಒಂದು ಫೋಟೊ ಕೊಡೋಕೆ ಆಗಲ್ವಾ ನಿಂಗೆ?"

"ಒಂದು ಸಲ ಫೋಟೊ ನಂಬಿ ನೀನು ಕೆಟ್ಟೆ. ಈಗ ನಿನ್ನ ಮಗನ್ನೂ ಕೆಡಸ್ಬೇಕಾ? ಎರಡು ರಾಶಿ ಬೇರೆ ಬೇರೇನೇ ಇರ್ಲಿ."

ಅವಳು ಗೂಡಿನ ಮೇಲಿನ ಸಡಿಲ ನೂಲು ಬಿಡಿಸುತ್ತಾ ಕೂತಳು. ನಾನು ಎರಡು ರಾಶಿಯನ್ನೂ ಒಂದೇ ಫೋಟೊದಲ್ಲಿ ತೆಗೆದೆ. ನನ್ನ ಕಾಲಿನ ಹೆಬ್ಬೆರಳು ಬಂದಿತ್ತು, ಅದನ್ನು ಕತ್ತರಿಸಿದೆ. ಓರೆಯಾಗಿತ್ತು, ನೆಟ್ಟಗೆ ಮಾಡಿದೆ. ಬೆಳಕು ಮುಟ್ಟಲಿಲ್ಲ. ತಂಗಿಯ ಮಗನಿಗೆ ಕಳಿಸಿ, ಫೋನು ಮಾಡಿದೆ.

"ಏನ್ ದೊಡ್ಡಮ್ಮ, ಒಂದು ರಾಶಿ ಚೆನ್ನಾಗೈತೆ, ಇನ್ನೊಂದು ಹಂಗೆ ಸೊರಗೈತೆ?"

"ಚೆನ್ನಾಗಿರೋದು ನಿಮ್ಮಮ್ಮ ಬೆಳೆದಿದ್ದು ಕಣಪ್ಪ. ಸೊರಗಿರೋದು ನನ್ನ ಫೋನು ಬೆಳೆದಿದ್ದು."

ಆಗಿದ್ದನ್ನೆಲ್ಲ ಹೇಳಿದೆ. ಮೊದಲು ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, ಹಣ್ಣು ನೋಡಿದ್ದು ಅಮ್ಮನೇನಾ ಎಂದು ಎರಡು ಸಲ ಕೇಳಿದ. ಭಾನುವಾರದವರೆಗೆ ಕಾಯದೆ ಮರುದಿನವೇ ರಜ ಹಾಕಿ ಬಂದನಂತೆ. ಎರಡು ರಾಶಿಯನ್ನೂ ಒತ್ತಿ ನೋಡಿ, ಅವನೇ ಗಾಡಿ ಮಾಡಿ ಮಾರ್ಕೆಟ್ಟಿಗೆ ತೆಗೆದುಕೊಂಡು ಹೋದ. ಗೂಡಿನಿಂದ ನೂಲು ತೆಗೆಯುವ ರೀಲರುಗಳು ಒಳ್ಳೆಯ ರಾಶಿಗೆ ಮುಗಿಬಿದ್ದರು, ಇನ್ನೊಂದನ್ನು ಮೂಸಿಯೂ ನೋಡಲಿಲ್ಲ. ಕೊನೆಗೆ ಯಾರೋ ಅದನ್ನೂ ಎತ್ತಿಕೊಂಡರು.

ತಂಗಿ ನನ್ನೊಡನೆ ಹದಿನೈದು ದಿನ ಮಾತು ಬಿಟ್ಟಿದ್ದಳು. ಆಮೇಲೆ ಅವಳೇ ಫೋನು ಮಾಡಿದಳು.

"ತೋಟ ಇರ್ಲಿ ಅಂದ ಕಣೇ. ಪೂರ್ತಿ ಅಲ್ಲ. ಬಾವಿ ಕಡೆ ಎರಡು ಸಾಲು ಕಿತ್ತು ಗುಲಾಬಿ ಹಾಕ್ತಾನಂತೆ. ಹಾಕ್ಕೊಳ್ಲಿ ಅಂದೆ. ಅಲ್ಲಿ ಸೊಪ್ಪು ಮೊದ್ಲಿಂದಾನೂ ಸರಿಯಾಗಿ ಬರ್ತಿರ್ಲಿಲ್ಲ."

"ಕಣ್ಣು?"

"ಮುಂದಿನ ವಾರ ಮಾಡಿಸ್ತವ್ನೆ. ನೀನು ಬಾ. ಆ ಫೋನು ಮಾತ್ರ ನಮ್ಮ ಹುಳು ಮನೆಯೊಳಕ್ಕೆ ತರಬೇಡ."

ಈಗ ಅವಳ ಹುಳು ಮನೆಯ ಬಾಗಿಲಲ್ಲಿ ಒಂದು ಗೂಟ ಹೊಡೆದಿದ್ದಾಳೆ. ಹೋದವರು ಚಪ್ಪಲಿ ಹೊರಗೆ ಬಿಡಬೇಕು, ಫೋನನ್ನು ಚೀಲದಲ್ಲಿ ಹಾಕಿ ಆ ಗೂಟಕ್ಕೆ ತಗುಲಿಸಬೇಕು. ಮಗನಿಗೂ ಅದೇ. ನಾನೂ ತಗುಲಿಸುತ್ತೇನೆ.

ಮೊನ್ನೆ ಹೋದಾಗ ಬಾವಿಯ ಕಡೆಯ ಗುಲಾಬಿ ಮೊದಲ ಹೂವು ಬಿಟ್ಟಿತ್ತು. ಬಣ್ಣ ಸ್ವಲ್ಪ ಪೇಲವ. ಫೋಟೊ ತೆಗೆದೆ. ಪೆನ್ಸಿಲು ಒತ್ತಿ ನೆಟ್ಟಗೆ ಮಾಡಿದೆ, ಒಂದಿಷ್ಟು ಕೆಂಪನ್ನೂ ಏರಿಸಿದೆ. ಬೆರಳು ಒತ್ತಿ ಹಿಡಿದು ಮೊದಲಿನದನ್ನು ನೋಡಿದೆ, ಬಿಟ್ಟು ತಿದ್ದಿದ್ದನ್ನು ನೋಡಿದೆ. ತಿದ್ದಿದ್ದನ್ನೇ ಗುಂಪಿಗೆ ಕಳಿಸಿದೆ. ಅದನ್ನು ನೋಡಿ ಯಾರೂ ಏನನ್ನೂ ಚಂದ್ರಿಕೆಗೆ ಬಿಡುವುದಿಲ್ಲ.